ರಕ್ತ ಕಮ್ಮಿಯೋ, ರಕ್ತ ನಿಲ್ಲುವುದಿಲ್ಲವೋ: ಮುಂಬಯಿಯ ಕನ್ನಡ ಕುಟುಂಬಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

"ಅವಳಿಗೆ ರಕ್ತ ಕಮ್ಮಿ" ಎನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆಯೆಂದರೆ, ಅದರ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ರಕ್ತ ಕಡಿಮೆಯಾಗುವುದಕ್ಕೆ ಇರುವುದು ಮೂರೇ ದಾರಿ: ದೇಹ ಅದನ್ನು ಸರಿಯಾಗಿ ತಯಾರಿಸುತ್ತಿಲ್ಲ, ತಯಾರಾದದ್ದು ಬೇಗ ಒಡೆದುಹೋಗುತ್ತಿದೆ, ಇಲ್ಲವೇ ಎಲ್ಲಿಂದಲೋ ಸೋರಿಹೋಗುತ್ತಿದೆ. ಮೂರಕ್ಕೂ ಪರೀಕ್ಷೆ ಬೇರೆ, ಔಷಧ ಬೇರೆ, ಈ ಊರಿನಲ್ಲಿ ಹೋಗಬೇಕಾದ ಜಾಗವೂ ಕೆಲವೊಮ್ಮೆ ಬೇರೆ. ಆದರೆ ಮೂರಕ್ಕೂ ಮೊದಲು ಕೈಗೆ ಸಿಗುವುದು ಒಂದೇ, ಕಬ್ಬಿಣದ ಮಾತ್ರೆ. ಉಪನಗರದ ಒಂದು ರಕ್ತತಪಾಸಣಾ ಪ್ರಯೋಗಾಲಯದಲ್ಲಿ 27 ವರ್ಷ ದುಡಿದು ನಿವೃತ್ತಳಾದವಳು ನಾನು. ವೈದ್ಯರ ಕುರ್ಚಿಯಲ್ಲಿ ಕೂರುವ ಉದ್ದೇಶ ನನಗಿಲ್ಲ. ಯಾವ ಲಕ್ಷಣಕ್ಕೆ ಯಾವ ಪರೀಕ್ಷೆಯನ್ನು ಮೊದಲು ಆರಿಸಿಕೊಳ್ಳಬೇಕು, ಒಂದರ ಬದಲು ಇನ್ನೊಂದನ್ನು ಆರಿಸಿಕೊಂಡರೆ ಏನಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಮೊದಲ ಕವಲು: ವರದಿಯ ಮೂರು ಸಂಖ್ಯೆಗಳು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕ ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಿಗೆ 11ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇಕಡಾ 57 ಮಂದಿ ಈ ಗೆರೆಯ ಕೆಳಗಿದ್ದಾರೆ. ಇಷ್ಟು ಜನರಲ್ಲಿರುವ ತೊಂದರೆ ಎಂದಮೇಲೆ ಅದನ್ನು ಸಾಮಾನ್ಯವೆಂದು ತಳ್ಳಿಹಾಕುವ ಅಭ್ಯಾಸ ನಮಗೂ ವೈದ್ಯರಿಗೂ ಆಗಿಬಿಟ್ಟಿದೆ. ಹಾಗಾಗಿ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ವರದಿ ಬಂದಾಗ ಎಲ್ಲರ ಕಣ್ಣೂ ಹಿಮೋಗ್ಲೋಬಿನ್ ಒಂದರ ಮೇಲೆಯೇ ನಿಲ್ಲುತ್ತದೆ. ನಾನು ನೋಡುವುದು ಅದರ ಕೆಳಗಿನ ಎರಡು ಸಾಲುಗಳನ್ನು: ಕೆಂಪು ಕಣದ ಗಾತ್ರವನ್ನು ಹೇಳುವ ಎಂಸಿವಿ, ಮತ್ತು ಕೆಂಪು ಕಣಗಳ ಒಟ್ಟು ಎಣಿಕೆ.

ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ಹಿಮೋಗ್ಲೋಬಿನ್ 8.4, ಎಂಸಿವಿ 70, ಕೆಂಪು ಕಣಗಳು 40 ಲಕ್ಷ. ಇನ್ನೊಂದರಲ್ಲಿ ಹಿಮೋಗ್ಲೋಬಿನ್ 10.6, ಎಂಸಿವಿ 62, ಕೆಂಪು ಕಣಗಳು 56 ಲಕ್ಷ. ಮೊದಲನೆಯವರ ಮೈಯಲ್ಲಿ ಕಚ್ಚಾ ಸಾಮಗ್ರಿಯಿಲ್ಲ. ಕಣಗಳು ಸಣ್ಣವು, ಸಂಖ್ಯೆಯೂ ಕಡಿಮೆ. ಎರಡನೆಯವರಲ್ಲಿ ಕಣಗಳು ಇನ್ನೂ ಸಣ್ಣವು, ಆದರೆ ಸಂಖ್ಯೆ ಆರೋಗ್ಯವಂತರಿಗಿಂತ ಹೆಚ್ಚು. ಅಂದರೆ ಕಾರ್ಖಾನೆ ಓಡುತ್ತಿದೆ, ಅಚ್ಚು ಸರಿಯಿಲ್ಲ. ಎಂಸಿವಿಯನ್ನು ಮಿಲಿಯನ್ ಲೆಕ್ಕದ ಕಣಸಂಖ್ಯೆಯಿಂದ (40 ಲಕ್ಷವೆಂದರೆ 4, 56 ಲಕ್ಷವೆಂದರೆ 5.6) ಭಾಗಿಸಿದರೆ ಮೊದಲನೆಯದಕ್ಕೆ 17.5, ಎರಡನೆಯದಕ್ಕೆ ಸುಮಾರು 11 ಬರುತ್ತದೆ. ಈ ಭಾಗಲಬ್ಧಕ್ಕೆ ಮೆಂಟ್ಜರ್ ಸೂಚ್ಯಂಕ ಎಂದು ಹೆಸರು. 13ಕ್ಕಿಂತ ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಕಡೆಗೆ, ಕಡಿಮೆಯಿದ್ದರೆ ಥಲಸೀಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕತ್ವದ (ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ದೋಷ ಬಂದಿರುವುದರ) ಕಡೆಗೆ ಅದು ಬೆರಳು ತೋರಿಸುತ್ತದೆ. ಬೆರಳು ತೋರಿಸುತ್ತದೆ ಅಷ್ಟೇ, ತೀರ್ಪು ಕೊಡುವುದಿಲ್ಲ. ಆದರೂ ಮುಂದಿನ ಹಣವನ್ನು ಫೆರಿಟಿನ್ ಪರೀಕ್ಷೆಗೆ ಹಾಕಬೇಕೋ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಹಾಕಬೇಕೋ ಎಂಬುದನ್ನು ಮನೆಯಲ್ಲೇ ಕುಳಿತು ಅಂದಾಜು ಮಾಡಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಕಬ್ಬಿಣವೋ, ಬಿ12ವೋ

ಫೆರಿಟಿನ್ ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. ಅದು 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. 30ರ ಕೆಳಗಿದ್ದರೂ ಬಹಳಷ್ಟು ವೈದ್ಯರು ಕೊರತೆಯೆಂದೇ ಹಿಡಿಯುತ್ತಾರೆ. ಜ್ವರ, ಸೋಂಕು, ಸಂಧಿವಾತ ಇದ್ದಾಗ ಅದು ಸುಳ್ಳಾಗಿ ಏರುವುದರಿಂದ, ಜ್ವರ ಬಿಟ್ಟ ಮಾರನೆಯ ದಿನವೇ ಪರೀಕ್ಷೆಗೆ ಕೊಡುವುದು ಹಣ ಕಳೆದಂತೆ. ಮಾತ್ರೆಯ ವಿಷಯದಲ್ಲಿ ನಮ್ಮವರ ದೊಡ್ಡ ಶತ್ರು ಫಿಲ್ಟರ್ ಕಾಫಿ. ತಿಂಡಿ ತಿಂದು, ಮಾತ್ರೆ ನುಂಗಿ, ಅದರ ಮೇಲೆಯೇ ಒಂದು ಲೋಟ ಕಾಫಿ ಕುಡಿದರೆ ಕಬ್ಬಿಣದ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ನಿಂಬೆಯ ಪಾನಕದ ಜೊತೆ, ಕಾಫಿ ಚಹಾದಿಂದ ಒಂದೆರಡು ಗಂಟೆ ದೂರ ಇಟ್ಟು ನುಂಗಿದರೆ ಅದೇ ಮಾತ್ರೆ ಕೆಲಸ ಮಾಡುತ್ತದೆ. ದಿನಕ್ಕೆರಡರ ಬದಲು ದಿನ ಬಿಟ್ಟು ದಿನ ಒಂದು ಕೊಡುವ ಪದ್ಧತಿಯೂ ಈಚೆಗೆ ಬಂದಿದೆ; ಹೊಟ್ಟೆನೋವು ಮಲಬದ್ಧತೆಗಳಿಂದ ಮಾತ್ರೆ ಬಿಟ್ಟುಬಿಡುವವರಿಗೆ ಅದು ಹೆಚ್ಚು ಒಪ್ಪುತ್ತದೆ. ರಕ್ತನಾಳದ ಮೂಲಕ ಕೊಡುವ ಕಬ್ಬಿಣವನ್ನು ಗರ್ಭದ ಕೊನೆಯ ತಿಂಗಳುಗಳಿಗೆ, ಮಾತ್ರೆ ತಡೆಯದವರಿಗೆ, ಮತ್ತು ನುಂಗಿದ್ದಕ್ಕಿಂತ ಸೋರಿಹೋಗುವುದೇ ಹೆಚ್ಚಾಗಿರುವವರಿಗೆ ಉಳಿಸಿಕೊಳ್ಳುವುದು ಸೂಕ್ತ. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಕಂಡುಬಂದರೆ ಮಾತ್ರೆಯಷ್ಟೇ ಸಾಲದು. ಹೊಟ್ಟೆ ಕರುಳುಗಳಲ್ಲಿ ಎಲ್ಲಿಯಾದರೂ ರಕ್ತ ಹೋಗುತ್ತಿದೆಯೇ ಎಂದು ನೋಡಿಸಲೇಬೇಕು.

ಬಿ12 ಕೊರತೆಯಲ್ಲಿ ಕಣಗಳು ದೊಡ್ಡವಾಗುತ್ತವೆ, ಎಂಸಿವಿ 100 ದಾಟುತ್ತದೆ, ನಾಲಿಗೆ ಉರಿಯುತ್ತದೆ, ಅಂಗಾಲು ಜೋಮು ಹಿಡಿಯುತ್ತದೆ. ಅಪ್ಪಟ ಸಸ್ಯಾಹಾರಿಗಳಲ್ಲಿ ಕಬ್ಬಿಣ, ಬಿ12 ಎರಡೂ ಒಟ್ಟಿಗೆ ಕಡಿಮೆಯಿದ್ದು, ಒಂದು ಕಣವನ್ನು ಕುಗ್ಗಿಸಿ ಇನ್ನೊಂದು ಹಿಗ್ಗಿಸಿ, ಕೊನೆಗೆ ಎಂಸಿವಿ 88 ಎಂದು ಸಂಭಾವಿತನಂತೆ ಕಾಣಿಸುವುದೂ ಉಂಟು. ಆಗ ಯಂತ್ರವನ್ನು ನಂಬದೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವವರಿರುವ ಪ್ರಯೋಗಾಲಯವನ್ನೇ ಆರಿಸಿಕೊಳ್ಳಿ. ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತ ಸುಧಾರಿಸಿ, ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ ಎಂಬುದೊಂದು ಎಚ್ಚರಿಕೆ.

ಹುಟ್ಟಿನಿಂದ ಬಂದ ರಕ್ತಹೀನತೆಗಳು

ಥಲಸೀಮಿಯಾ ವಾಹಕರು ರೋಗಿಗಳಲ್ಲ. ಜೀವಮಾನವಿಡೀ ಹಿಮೋಗ್ಲೋಬಿನ್ ಹತ್ತು ಹನ್ನೊಂದರ ಆಸುಪಾಸಿನಲ್ಲಿದ್ದರೂ ಲೋಕಲ್ ಹಿಡಿದು ಕಚೇರಿಗೆ ಹೋಗಿಬರುತ್ತಾರೆ. ಅವರಿಗೆ ಆಗುವ ಅನ್ಯಾಯವೆಂದರೆ ಕಬ್ಬಿಣದ ಉಗ್ರಾಣ ತುಂಬಿದ್ದರೂ ವರ್ಷಾನುಗಟ್ಟಲೆ ಮಾತ್ರೆ ನುಂಗಬೇಕಾಗುವುದು. ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಎ2 ಎಂಬ ಹಿಮೋಗ್ಲೋಬಿನ್ ಶೇಕಡಾ 3.5ಕ್ಕಿಂತ ಹೆಚ್ಚು ಬಂದರೆ ಬೀಟಾ ಥಲಸೀಮಿಯಾ ವಾಹಕತ್ವ ಎಂದು ಓದುತ್ತಾರೆ. ಜೊತೆಗೆ ಕಬ್ಬಿಣದ ತೀವ್ರ ಕೊರತೆಯೂ ಇದ್ದರೆ ಎ2 ತುಸು ಇಳಿದು ವಾಹಕತ್ವ ಮರೆಯಾಗಬಹುದು. ಅಂಚಿನಲ್ಲಿರುವ ಫಲಿತಾಂಶ ಬಂದರೆ ಕಬ್ಬಿಣ ತುಂಬಿಸಿಕೊಂಡು ಮತ್ತೆ ಮಾಡಿಸುವುದೋ, ಕಾಯದೆ ಗಂಡನ ರಕ್ತವನ್ನೂ ಪರೀಕ್ಷಿಸುವುದೋ ಎಂಬ ಆಯ್ಕೆ ಬರುತ್ತದೆ. ಗರ್ಭಿಣಿಯಲ್ಲದಿದ್ದರೆ ಮೊದಲನೆಯದು, ಗರ್ಭಿಣಿಯಾಗಿದ್ದರೆ ಎರಡನೆಯದೇ ಸರಿ, ಏಕೆಂದರೆ ವಾರಗಳು ಕಾಯುವುದಿಲ್ಲ.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಥಲಸೀಮಿಯಾ ಮೇಜರ್ ಎಂಬ ತೀವ್ರ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಸಿಂಧಿ, ಪಂಜಾಬಿ, ಲೋಹಾಣಾ, ಭಾನುಶಾಲಿ ಸಮುದಾಯಗಳಲ್ಲಿ ವಾಹಕರ ಪ್ರಮಾಣ ಹೆಚ್ಚು ಎಂಬುದು ಮೊದಲಿನಿಂದ ತಿಳಿದ ಸಂಗತಿ. ಇದನ್ನು ಕೇಳಿ ನಮ್ಮವರು "ನಮಗೇಕೆ ಅದು" ಎನ್ನುತ್ತಾರೆ. ನಮ್ಮಲ್ಲೂ ವಾಹಕರಿದ್ದಾರೆ. ಅಲ್ಲದೆ ಈ ಸಮುದಾಯಗಳವರು ಹೆಚ್ಚಾಗಿರುವ ಮುಲುಂಡ್ ಉಲ್ಹಾಸನಗರಗಳ ಹುಡುಗ ಹುಡುಗಿಯರು ನಮ್ಮ ಮನೆಗಳಿಗೆ ಸೊಸೆ ಅಳಿಯಂದಿರಾಗಿ ಬಂದು ಒಂದು ತಲೆಮಾರೇ ಕಳೆಯಿತು.

ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಇಲ್ಲಿಗೆ ದೂರದ ಕಾಯಿಲೆಯಲ್ಲ. ಪಕ್ಕದ ಪಾಲ್‌ಘರ್‌ನ ಆದಿವಾಸಿಗಳಲ್ಲಿ ಇದೆ, ನಂದುರಬಾರ್ ಗಡಚಿರೋಲಿಗಳಲ್ಲಿ ಇದೆ. ಇದರಲ್ಲಿ ರಕ್ತಹೀನತೆಗಿಂತ ಹೆಚ್ಚು ಕಾಡುವುದು ಎಲುಬಿನೊಳಗಿನ ನೋವು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದ ಶಿಬಿರಗಳಲ್ಲಿ ತಪಾಸಣೆ ಉಚಿತ. ಕರಗುವಿಕೆಯ ಸಣ್ಣ ಪರೀಕ್ಷೆ "ಇದೆ" ಎಂದಷ್ಟೇ ಹೇಳುತ್ತದೆ. ವಾಹಕನೋ ರೋಗಿಯೋ ಎಂದು ಬಿಡಿಸಿ ಹೇಳಲು ಇಲ್ಲಿಯೂ ಎಚ್‌ಪಿಎಲ್‌ಸಿಯೇ ಬೇಕು. ಸಿಕಲ್ ವಾಹಕರೊಬ್ಬರು ಥಲಸೀಮಿಯಾ ವಾಹಕರೊಬ್ಬರನ್ನು ಮದುವೆಯಾದರೂ ಮಗುವಿಗೆ ರೋಗ ಬರಬಹುದೆಂಬುದು ಬಹಳ ಜನರಿಗೆ ಗೊತ್ತಿಲ್ಲ.

ಕಣ ಒಡೆಯುವ ಕಾಯಿಲೆಗಳಲ್ಲಿ ಎರಡನ್ನು ಹೋಲಿಸಿದರೆ ಸಾಕು. ಆಗಾಗ ಕಣ್ಣು ಹಳದಿಯಾಗುವುದು, ಗುಲ್ಮ (ಸ್ಪ್ಲೀನ್) ಊದಿರುವುದು, ಚಿಕ್ಕ ವಯಸ್ಸಿಗೇ ಪಿತ್ತಕೋಶದಲ್ಲಿ ಕಲ್ಲು, ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಇದೇ ಕತೆ ಇದ್ದರೆ, ಕೆಂಪು ಕಣಗಳು ಚೆಂಡಿನಂತೆ ಗುಂಡಗಾಗುವ ಗೋಳಕಣದ ಕಾಯಿಲೆಯನ್ನು ಅನುಮಾನಿಸಬೇಕು. ವರ್ಷವಿಡೀ ಚೆನ್ನಾಗಿದ್ದ ಹುಡುಗ ಒಂದು ಮಾತ್ರೆ ನುಂಗಿದ ಎರಡು ಮೂರು ದಿನಕ್ಕೆ ಕೋಲಾ ಬಣ್ಣದ ಮೂತ್ರ ಮಾಡಿದರೆ, ಕೆಂಪು ಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯನ್ನು ಅನುಮಾನಿಸಬೇಕು. ಮಳೆಗಾಲದ ಮುಂಬಯಿಯಲ್ಲಿ ಇದು ಪುಸ್ತಕದ ಮಾತಲ್ಲ: ವೈವ್ಯಾಕ್ಸ್ ಮಲೇರಿಯಾ ಮರುಕಳಿಸದಂತೆ ಹದಿನಾಲ್ಕು ದಿನ ಕೊಡುವ ಪ್ರೈಮಾಕ್ವಿನ್ ಅಂಥ ಮಾತ್ರೆಗಳಲ್ಲೊಂದು. ಕೂಸಿನ ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯೂ ಅಪಾಯಕಾರಿ. ಪಾರ್ಸಿಗಳಲ್ಲಿ ಈ ಕೊರತೆ ಹೆಚ್ಚೆಂದು ಪ್ರಸಿದ್ಧವಾದರೂ ಅವರಿಗಷ್ಟೇ ಸೀಮಿತವಲ್ಲ. ಕಣಗಳು ಒಡೆದ ಹೊಸತರಲ್ಲಿ ಪರೀಕ್ಷೆ ಮಾಡಿಸಿದರೆ ಉಳಿದ ಎಳೆಯ ಕಣಗಳಿಂದಾಗಿ "ಸರಿಯಿದೆ" ಎಂಬ ಸುಳ್ಳು ವರದಿ ಬರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.

ಎರಡನೆಯ ಕವಲು: ಸೋರುವ ರಕ್ತ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು" ಎಂಬುದಲ್ಲ, "ಎಲ್ಲಿಂದ" ಎಂಬುದು. ಮೂಗು, ವಸಡು, ಮುಟ್ಟು, ಮೈಮೇಲೆ ಕಾರಣವಿಲ್ಲದೆ ಮೂಡುವ ನೀಲಿ ಕಲೆ: ಇವು ಗಾಯದ ಬಾಯಿ ಮುಚ್ಚುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳ ಅಥವಾ ಅವನ್ನು ಅಂಟಿಸುವ ವಾನ್ ವಿಲೆಬ್ರಾಂಡ್ ಅಂಶದ ದೋಷವನ್ನು ಸೂಚಿಸುತ್ತವೆ. ಮೊಣಕಾಲು, ಪಾದದ ಕೀಲು, ಮೊಣಕೈ ಇದ್ದಕ್ಕಿದ್ದಂತೆ ಊದಿ ಬಿಸಿಯಾಗುವುದು, ಸ್ನಾಯುವಿನೊಳಗೆ ರಕ್ತ ತುಂಬುವುದು: ಇವು ಹಿಮೋಫಿಲಿಯಾದ ಗುರುತು. ದಾವಣಗೆರೆ ಕಡೆಯವರು ಇದನ್ನು ಕುಸುಮ ರೋಗ ಎನ್ನುವುದನ್ನು ಕೇಳಿದ್ದೇನೆ. ಗಾಯವಾದ ತಕ್ಷಣ ಸುರಿಯುವುದಕ್ಕಿಂತ, ನಿಂತಿತೆಂದುಕೊಂಡದ್ದು ಗಂಟೆಗಳ ನಂತರ ಮತ್ತೆ ಒಸರುವುದು ಅದರ ಸ್ವಭಾವ.

ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಅಂಶ (ಫ್ಯಾಕ್ಟರ್) ಎನ್ನುತ್ತಾರೆ. ಹಿಮೋಫಿಲಿಯಾ ಎ ಎಂದರೆ ಎಂಟನೆಯ ಅಂಶದ ಕೊರತೆ, ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ. ಬಿ ಎಂದರೆ ಒಂಬತ್ತನೆಯ ಅಂಶದ ಕೊರತೆ, ಅದು ಇನ್ನೂ ವಿರಳ. ಲಕ್ಷಣದಿಂದ ಎರಡನ್ನೂ ಬೇರ್ಪಡಿಸಲು ಯಾರಿಂದಲೂ ಸಾಧ್ಯವಿಲ್ಲ, ಔಷಧ ಮಾತ್ರ ಪೂರ್ತಿ ಬೇರೆ. ಅಂಶದ ಮಟ್ಟ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ. ಸೌಮ್ಯವಿದ್ದವರಿಗೆ ನಲವತ್ತನೆಯ ವಯಸ್ಸಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಮೊದಲು ಗೊತ್ತಾಗುವುದೂ ಇದೆ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎಂಬ ಸಮಾಧಾನಕ್ಕೂ ಅರ್ಥವಿಲ್ಲ; ಸುಮಾರು ಮೂರನೆಯ ಒಂದು ಭಾಗ ಹೊಸದಾಗಿಯೇ ಹುಟ್ಟಿಕೊಳ್ಳುವ ವಂಶವಾಹಿ ಬದಲಾವಣೆಗಳು.

ವಾನ್ ವಿಲೆಬ್ರಾಂಡ್ ಕಾಯಿಲೆ ಇವೆಲ್ಲಕ್ಕಿಂತ ಸಾಮಾನ್ಯ, ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ, ಆದರೂ ಅದರ ಹೆಸರು ಕೇಳಿದವರು ಕಡಿಮೆ. ಕಾರಣ ಸರಳ: ಅದು ಹೆಚ್ಚಾಗಿ ಕಾಣುವುದು ಮುಟ್ಟಿನಲ್ಲಿ, ಮುಟ್ಟಿನ ಮಾತನ್ನು ನಾವು ಅಡುಗೆಮನೆಯಿಂದ ಹೊರಗೆ ತರುವುದಿಲ್ಲ. ನನ್ನ ತಂಗಿಯ ಮಗಳೇ ಇದಕ್ಕೆ ಸಾಕ್ಷಿ. ಹದಿನಾಲ್ಕನೆಯ ವಯಸ್ಸಿನಿಂದ ಅವಳ ಹಿಮೋಗ್ಲೋಬಿನ್ ಎಂಟು ಒಂಬತ್ತರ ನಡುವೆಯೇ ತೂಗಾಡುತ್ತಿತ್ತು. ಓಣಿಯ ವೈದ್ಯರು ನಾಲ್ಕು ವರ್ಷ ಮಾತ್ರೆ ಬರೆದರು. ಏರಿದ್ದು ಮೂರು ತಿಂಗಳಲ್ಲಿ ಇಳಿಯುತ್ತಿತ್ತು. ದಿನವಿಡೀ ರಕ್ತದ ಟ್ಯೂಬುಗಳ ನಡುವೆ ಕುಳಿತಿದ್ದ ನಾನೂ ಕೇಳಲಿಲ್ಲ. ಕೊನೆಗೆ ಬುದ್ಧಿಹಲ್ಲು ಕೀಳಿಸಿದ ಮಾರನೆಯ ದಿನ ಅವಳು ಫೋನ್ ಮಾಡಿ, "ದೊಡ್ಡಮ್ಮಾ, ಹತ್ತಿ ಇಟ್ಟಷ್ಟೂ ಒದ್ದೆಯಾಗುತ್ತದೆ, ದಿಂಬೂ ಕೆಂಪಾಗಿದೆ" ಎಂದಾಗ ಮೊದಲ ಬಾರಿಗೆ ಮುಟ್ಟಿನ ಬಗ್ಗೆ ಕೇಳಿದೆ. ಎಂಟು ಒಂಬತ್ತು ದಿನ ಹೋಗುತ್ತದೆ, ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ರೂಪಾಯಿ ನಾಣ್ಯದಷ್ಟು ಹೆಪ್ಪುಗಳು ಬೀಳುತ್ತವೆ ಎಂದಳು. ತಂಗಿಯನ್ನು ಕೇಳಿದರೆ, "ನನಗೂ ಹಾಗೇ ಇತ್ತಲ್ಲ ಅಕ್ಕಾ, ಮದುವೆಯಾದ ಮೇಲೆ ಸರಿಹೋಗುತ್ತದೆ ಅಂತ ಅಮ್ಮ ಹೇಳುತ್ತಿರಲಿಲ್ಲವೇ" ಎಂದಳು. ತಾಯಿ ಮಗಳಿಬ್ಬರಿಗೂ ಒಂದನೆಯ ಬಗೆಯ, ಅಂದರೆ ಅಂಶ ಇದ್ದೂ ಕಡಿಮೆಯಿರುವ, ವಾನ್ ವಿಲೆಬ್ರಾಂಡ್ ಕಾಯಿಲೆ ಇರುವುದು ಆಮೇಲೆ ಖಚಿತವಾಯಿತು.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ನುಂಗಿಯೂ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿ ನಿಲ್ಲದ ಹುಡುಗಿಗೆ ಕಂಪನಿ ಬದಲಿಸಿ ಇನ್ನೊಂದು ಮಾತ್ರೆ ಕೊಡುವುದಕ್ಕಿಂತ, ಒಂದು ಕಡೆ ಎಚ್‌ಪಿಎಲ್‌ಸಿ, ಇನ್ನೊಂದು ಕಡೆ ರಕ್ತಸ್ರಾವದ ಪರೀಕ್ಷೆ, ಎರಡನ್ನೂ ಮಾಡಿಸುವುದು ಮೇಲು.

ರಕ್ತಸ್ರಾವದ ಪರೀಕ್ಷೆಗಳಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ, ಎಪಿಟಿಟಿ, ಜೊತೆಗೆ ಪ್ಲೇಟ್‌ಲೆಟ್ ಎಣಿಕೆ ಮೊದಲ ಮೆಟ್ಟಿಲು. ಹಿಮೋಫಿಲಿಯಾದಲ್ಲಿ ಎಪಿಟಿಟಿ ಒಂದೇ ಉದ್ದವಾಗುತ್ತದೆ, ಉಳಿದೆರಡು ಸರಿಯಿರುತ್ತವೆ. ವಾನ್ ವಿಲೆಬ್ರಾಂಡ್‌ನ ಸೌಮ್ಯ ಬಗೆಯಲ್ಲಿ ಮೂರೂ ಸರಿಯಿರಬಹುದು. ಗ್ಲಾಂಜ್‌ಮನ್ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಿರುತ್ತದೆ, ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಹದಿಮೂರನೆಯ ಅಂಶದ ಕೊರತೆಯಲ್ಲಿಯೂ ಮೊದಲ ಮೆಟ್ಟಿಲಿನ ಎಲ್ಲ ಪರೀಕ್ಷೆಗಳೂ ಸರಿಯೇ; ಕೂಸಿನ ಹೊಕ್ಕುಳಬಳ್ಳಿ ಬಿದ್ದ ಜಾಗದಿಂದ ದಿನಗಟ್ಟಲೆ ರಕ್ತ ಒಸರಿದ್ದೇ ಅದರ ಸುಳಿವು. "ವರದಿ ಎಲ್ಲ ಸರಿಯಿದೆ" ಎಂಬ ಮಾತು ಇಲ್ಲಿ ಕೊನೆಯ ಮಾತಲ್ಲ.

ಟ್ಯೂಬಿನ ಮುಚ್ಚಳದ ಬಣ್ಣ

ಈಗ ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ, ತುಸು ಹೆಚ್ಚೇ ಹೇಳಿದರೆ ಕ್ಷಮಿಸಬೇಕು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಅನುಕೂಲವನ್ನು ಆರಿಸಿಕೊಳ್ಳಬೇಕೋ, ಪರೇಲ್‌ನ ದೊಡ್ಡ ಕೇಂದ್ರದವರೆಗೆ ಹೋಗಿ ಕೊಡಬೇಕೋ ಎಂಬ ಪ್ರಶ್ನೆಗೆ ಉತ್ತರ ಟ್ಯೂಬಿನ ಮುಚ್ಚಳದಲ್ಲಿದೆ. ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ಹೋಗುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ಎಚ್‌ಪಿಎಲ್‌ಸಿಯ ರಕ್ತವನ್ನು ತಂಪಾಗಿಟ್ಟರೆ ಕೆಲವು ದಿನ ಕೆಡುವುದಿಲ್ಲ. ವಿರಾರ್‌ನಲ್ಲಿ ತೆಗೆದು ಎಲ್ಲಿಗೆ ಕಳಿಸಿದರೂ ನಡೆಯುತ್ತದೆ. ಒಂದೇ ಷರತ್ತೆಂದರೆ, ಹಿಂದಿನ ಮೂರು ತಿಂಗಳಲ್ಲಿ ಬೇರೆಯವರ ರಕ್ತ ಪಡೆದಿರಬಾರದು. ಪಡೆದಿದ್ದರೆ ಪರೀಕ್ಷೆಯಾಗುವುದು ದಾನಿಯ ಹಿಮೋಗ್ಲೋಬಿನ್.

ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳು ಹೋಗುವುದು ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ. ಅದರೊಳಗೆ ಒಂದು ಪಾಲು ಸಿಟ್ರೇಟ್ ದ್ರವ ಮೊದಲೇ ಇರುತ್ತದೆ, ಅದಕ್ಕೆ ಸರಿಯಾಗಿ ಒಂಬತ್ತು ಪಾಲು ರಕ್ತ ಬೀಳಬೇಕು. ಅದಕ್ಕೆಂದೇ ಟ್ಯೂಬಿನ ಮೇಲೊಂದು ಗೆರೆ ಇರುತ್ತದೆ. ಅವಸರದ ಹುಡುಗ ಗೆರೆಗಿಂತ ಕೆಳಗೆ ತುಂಬಿಸಿದರೆ ಸಿಟ್ರೇಟ್ ಹೆಚ್ಚಾಗಿ ಎಪಿಟಿಟಿ ಸುಳ್ಳಾಗಿ ಉದ್ದವಾಗುತ್ತದೆ, ಆರೋಗ್ಯವಂತ ಮಗುವಿನ ತಾಯಿ ರಾತ್ರಿ ನಿದ್ದೆಗೆಡುತ್ತಾಳೆ. ತೆಗೆದ ರಕ್ತವನ್ನು ಐಸ್ ಡಬ್ಬಿಯಲ್ಲಿ ಇಟ್ಟರೆ ವಾನ್ ವಿಲೆಬ್ರಾಂಡ್ ಅಂಶವೂ ಎಂಟನೆಯ ಅಂಶವೂ ಟ್ಯೂಬಿನೊಳಗೇ ಇಳಿದು, ಇಲ್ಲದ ಕಾಯಿಲೆ ಇದೆಯೆಂದಾಗುತ್ತದೆ. ಹೊರಗಿಟ್ಟರೆ ಸುಮಾರು ನಾಲ್ಕು ಗಂಟೆಯೊಳಗೆ ಪರೀಕ್ಷೆಯಾಗಬೇಕು. ಮೋಟಾರ್‌ಸೈಕಲ್ಲಿನ ಚೀಲದಲ್ಲಿ ಹತ್ತು ಮನೆ ಸುತ್ತಿ ಮಧ್ಯಾಹ್ನ ಪ್ರಯೋಗಾಲಯ ಸೇರುವ ಟ್ಯೂಬಿನ ಮೇಲೆ ನನಗೆ ನಂಬಿಕೆಯಿಲ್ಲ. ಈ ಪರೀಕ್ಷೆಗೆ, ರಕ್ತ ತೆಗೆಯುವ ಕಟ್ಟಡದಲ್ಲೇ ಪರೀಕ್ಷೆಯೂ ಆಗುವ ಜಾಗವನ್ನೇ ಆರಿಸಿಕೊಳ್ಳಿ. ಗರ್ಭ, ಜ್ವರ, ಗಾಬರಿ, ಅಳು, ಇವೆಲ್ಲ ವಾನ್ ವಿಲೆಬ್ರಾಂಡ್ ಅಂಶವನ್ನು ಏರಿಸುತ್ತವೆ. ಓ ಗುಂಪಿನವರಲ್ಲಿ ಅದು ಸಹಜವಾಗಿಯೇ ಕಾಲು ಭಾಗದಷ್ಟು ಕಡಿಮೆ. ಒಂದೇ ವರದಿಯ ಮೇಲೆ ಕಾಯಿಲೆ ಇದೆಯೆಂದೂ ಇಲ್ಲವೆಂದೂ ತೀರ್ಮಾನಿಸಬೇಡಿ.

ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ, ಹೊಸ ಬಹುಮಹಡಿ ಕಟ್ಟಡದ 13ನೇ ಮಹಡಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆ ಇದೆ. 1957ರಲ್ಲಿ ರಕ್ತಗುಂಪುಗಳ ಅಧ್ಯಯನ ಕೇಂದ್ರವಾಗಿ ಆರಂಭವಾದ ಅದು ಇಂದು ಆನುವಂಶಿಕ ರಕ್ತರೋಗಗಳಿಗೆ ದೇಶದ ಮುಖ್ಯ ಕೇಂದ್ರಗಳಲ್ಲೊಂದು. ರಕ್ತಗುಂಪಿನ ಮಾತು ಬಂದದ್ದರಿಂದ ಒಂದು ಸಣ್ಣ ಸ್ಪಷ್ಟೀಕರಣ: 1952ರಲ್ಲಿ ಡಾ. ವೈ. ಎಂ. ಭೇಂಡೆಯವರು ಈ ಊರಿನಲ್ಲಿ ಗುರುತಿಸಿದ "ಬಾಂಬೆ ಗುಂಪು" ಕಾಯಿಲೆಯಲ್ಲ. ಆದರೆ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದು ಕಾಣುವ ಆ ಗುಂಪಿನವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹೊಂದಾಣಿಕೆಯ ಪರೀಕ್ಷೆಯನ್ನು ಬಿಡಬಾರದೆನ್ನುವುದಕ್ಕೆ ಇದೂ ಒಂದು ಕಾರಣ.

ಚಿಕಿತ್ಸೆಗಳ ನಡುವಿನ ಆಯ್ಕೆ

ಹಿಮೋಫಿಲಿಯಾದಲ್ಲಿ ಪ್ಲಾಸ್ಮಾ (ರಕ್ತದ ದ್ರವಭಾಗ), ಅದರಿಂದ ಬೇರ್ಪಡಿಸಿದ ಕ್ರಯೋ, ಅಂಶದ ಪುಡಿ, ಚರ್ಮದಡಿಯ ಹೊಸ ಚುಚ್ಚುಮದ್ದು ಎಂಬ ನಾಲ್ಕು ದಾರಿಗಳನ್ನು ಒಂದೇ ಮಗುವಿಗೆ ಹೋಲಿಸಿ ನೋಡೋಣ. ಮೂವತ್ತು ಕಿಲೋ ತೂಕದ ಹುಡುಗನ ಮೊಣಕಾಲಿಗೆ ರಕ್ತ ಇಳಿದಿದೆ, ಅವನ ಎಂಟನೆಯ ಅಂಶವನ್ನು ಶೇಕಡಾ 40ಕ್ಕೆ ಏರಿಸಬೇಕು ಎಂದುಕೊಳ್ಳಿ. ಕಿಲೋಗೆ ಒಂದು ಯೂನಿಟ್ ಕೊಟ್ಟರೆ ಮಟ್ಟ ಶೇಕಡಾ 2ರಷ್ಟು ಏರುತ್ತದೆ. ಅಂದರೆ 600 ಯೂನಿಟ್ ಬೇಕು. ಪುಡಿಯ ರೂಪದಲ್ಲಿ ಅದು ಕೆಲವು ಮಿಲಿಲೀಟರ್, ಹತ್ತು ನಿಮಿಷದ ಕೆಲಸ. ಕ್ರಯೋದಲ್ಲಿ ಚೀಲಕ್ಕೆ 80 ಯೂನಿಟ್ ಎಂದು ಹಿಡಿದರೆ ಏಳೆಂಟು ಚೀಲ, ಏಳೆಂಟು ದಾನಿಗಳು. ಪ್ಲಾಸ್ಮಾ ಆದರೆ ಅರ್ಧ ಲೀಟರಿಗೂ ಮಿಕ್ಕಿ. ಆ ಪುಟ್ಟ ಮೈ ತಡೆಯುವ ಎಲ್ಲೆಯೇ ಅದು. ಇದೇ ಹುಡುಗನಿಗಿರುವುದು ಬಿ ಬಗೆಯಾದರೆ ಲೆಕ್ಕ ಬದಲಾಗುತ್ತದೆ: ಒಂಬತ್ತನೆಯ ಅಂಶ ಯೂನಿಟ್ಟಿಗೆ ಶೇಕಡಾ 1 ಮಾತ್ರ ಏರುವುದರಿಂದ 1,200 ಯೂನಿಟ್ ಬೇಕು, ಮತ್ತು ಕ್ರಯೋದಲ್ಲಿ ಒಂಬತ್ತನೆಯ ಅಂಶ ಇಲ್ಲವೇ ಇಲ್ಲ. ಯಾವ ಬಗೆಯೆಂದು ತಿಳಿಯದೆ ಚೀಲ ಏರಿಸುವುದು ಎಷ್ಟು ವ್ಯರ್ಥ ಎಂಬುದಕ್ಕೆ ಇಷ್ಟು ಸಾಕು. ಅಂಶದ ಪುಡಿ ಇಲ್ಲಿಯ ಕೆಲವು ಸರಕಾರಿ ಮತ್ತು ಪಾಲಿಕೆಯ ಆಸ್ಪತ್ರೆಗಳಲ್ಲಿ ನೋಂದಾಯಿತರಿಗೆ ಉಚಿತ.

ಎಮಿಸಿಜುಮಾಬ್ ಎಂಬ ಹೊಸ ಔಷಧವನ್ನು ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆಯವರೆಗೆ ಚರ್ಮದಡಿ ಕೊಡುತ್ತಾರೆ; ರಕ್ತನಾಳ ಹುಡುಕಿ ಹುಡುಕಿ ಸೋತ ತಾಯಂದಿರಿಗೆ ಅದೊಂದು ವರ. ಅಂಶದ ವಿರುದ್ಧವೇ ದೇಹ ಪ್ರತಿಕಾಯ ಬೆಳೆಸಿಕೊಂಡವರಿಗೂ ಅದು ಕೆಲಸ ಮಾಡುತ್ತದೆ. ಆದರೆ ಎ ಬಗೆಗೆ ಮಾತ್ರ, ಮುನ್ನೆಚ್ಚರಿಕೆಗೆ ಮಾತ್ರ; ಆಗಲೇ ಸುರಿಯುತ್ತಿರುವ ರಕ್ತವನ್ನು ನಿಲ್ಲಿಸಲು ಅಲ್ಲ. ಅದನ್ನು ಪಡೆಯುತ್ತಿರುವವರ ಎಪಿಟಿಟಿ ಸುಳ್ಳಾಗಿ ಚೆನ್ನಾಗಿ ಕಾಣುವುದರಿಂದ ರಕ್ತ ಕೊಡುವಾಗಲೇ ಪ್ರಯೋಗಾಲಯದವರಿಗೆ ತಿಳಿಸಬೇಕು. ಸೌಮ್ಯ ಎ ಬಗೆಗೂ ಒಂದನೆಯ ಬಗೆಯ ವಾನ್ ವಿಲೆಬ್ರಾಂಡ್‌ಗೂ ಡೆಸ್ಮೋಪ್ರೆಸಿನ್, ಮುಟ್ಟು ಮೂಗು ಹಲ್ಲುಗಳ ಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಇಷ್ಟರಲ್ಲೇ ಬಹುಮಂದಿಗೆ ನಡೆಯುತ್ತದೆ. ನನ್ನ ತಂಗಿಯ ಮಗಳಿಗೆ ಈಗ ತಿಂಗಳಲ್ಲಿ ನಾಲ್ಕು ದಿನ ಆ ಮಾತ್ರೆ ಸಾಕು, ಅವಳ ಹಿಮೋಗ್ಲೋಬಿನ್ ಹನ್ನೆರಡರ ಮೇಲಿದೆ.

ಥಲಸೀಮಿಯಾ ಮೇಜರ್‌ನಲ್ಲಿ ಆಯ್ಕೆ ಮುಖ್ಯವಾಗಿ ಎರಡು: ಜೀವನಪೂರ್ತಿ ರಕ್ತ ಮತ್ತು ಕಬ್ಬಿಣ ಇಳಿಸುವ ಔಷಧ, ಅಥವಾ ಅಸ್ಥಿಮಜ್ಜೆಯ ಕಸಿ. ಪ್ರತಿ ರಕ್ತಚೀಲದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಸೇರುತ್ತದೆ, ದೇಹ ದಿನಕ್ಕೆ ಹೊರಹಾಕುವುದು ಒಂದೆರಡು ಮಿಲಿಗ್ರಾಂ. ಆ ಕಬ್ಬಿಣ ಕೂರುವುದು ಹೃದಯದಲ್ಲಿ, ಯಕೃತ್ತಿನಲ್ಲಿ. ಹಾಗಾಗಿ ರಕ್ತವನ್ನು ತಪ್ಪಿಸದೆ ಹಾಕಿಸಿ ಡೆಫೆರಾಸಿರಾಕ್ಸ್ ಮಾತ್ರೆಯನ್ನು ತಪ್ಪಿಸುವ ಮನೆಗಳು ಅರ್ಧ ಚಿಕಿತ್ಸೆಯನ್ನಷ್ಟೇ ಮಾಡುತ್ತಿವೆ. ಕಸಿಗೆ ಒಡಹುಟ್ಟಿದವರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಯಕೃತ್ತು ಕೆಡುವ ಮೊದಲು, ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಫಲ ಹೆಚ್ಚು. ಬೋರಿವಲಿ ಪೂರ್ವದಲ್ಲಿ ಪಾಲಿಕೆಯದೇ ಥಲಸೀಮಿಯಾ ಮತ್ತು ಮಜ್ಜೆಕಸಿ ಕೇಂದ್ರವಿದೆ. ಖರ್ಚಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆಯಿಂದ 10 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ.

ಮದುವೆಯ ಮುಂಚೆ

ಜಾತಕದ ಜೊತೆ ರಕ್ತದ ವರದಿಯನ್ನೂ ಕೇಳಿ ಎಂದು ಸಂಘಗಳ ವೇದಿಕೆಯಲ್ಲಿ ಹೇಳಿ ಬೈಸಿಕೊಂಡವಳು ನಾನು, ಮತ್ತೆ ಹೇಳುತ್ತೇನೆ. ಸೋದರಿಕೆಯ ಮದುವೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬಂದು ಕೂಡುವುದರಿಂದ ಮೂರನೆಯ ಬಗೆಯ (ಅಂಶ ಬಹುತೇಕ ಇಲ್ಲವೇ ಇಲ್ಲದ) ವಾನ್ ವಿಲೆಬ್ರಾಂಡ್, ಗ್ಲಾಂಜ್‌ಮನ್, ಥಲಸೀಮಿಯಾ ಮೇಜರ್‌ಗಳ ಸಂಭವ ಏರುತ್ತದೆ. ಹಿಮೋಫಿಲಿಯಾ ಗಂಡಸರಿಗೆ ಮಾತ್ರ ಎಂಬ ಮಾತೂ ಇಲ್ಲಿ ಸುಳ್ಳಾಗಬಹುದು. ಹಿಮೋಫಿಲಿಯಾ ಇರುವವನು ಅಕ್ಕನ ಮಗಳನ್ನು ಮದುವೆಯಾದನೆಂದುಕೊಳ್ಳಿ. ಅವನ ತಾಯಿ ವಾಹಕಳಾಗಿದ್ದರೆ ಅಕ್ಕನೂ ವಾಹಕಳಾಗಿರುವ ಸಂಭವ ಅರ್ಧ, ಅಕ್ಕನ ಮಗಳಿಗೆ ಕಾಲು ಭಾಗ. ಅವಳು ವಾಹಕಳೇ ಆಗಿದ್ದರೆ ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳಲ್ಲೂ ಅರ್ಧದಷ್ಟು ಮಂದಿಗೆ ಕಾಯಿಲೆ ಬರುವ ಸಂಭವವಿದೆ. ಹೊರಗಿನ ಹುಡುಗಿಯನ್ನು ಮದುವೆಯಾದರೆ ಅವನ ಗಂಡುಮಕ್ಕಳಿಗೆ ಅವನಿಂದ ಕಾಯಿಲೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕರಾಗುತ್ತಾರೆ.

ಮದುವೆಗೆ ಮುಂಚೆ ಎಚ್‌ಪಿಎಲ್‌ಸಿ ಮಾಡಿಸುವುದು, ಗರ್ಭ ನಿಂತ ಮೇಲೆ ಮಾಡಿಸುವುದು, ಇವೆರಡರಲ್ಲಿ ಮೊದಲನೆಯದೇ ಒಳ್ಳೆಯದು. ಎರಡನೆಯದಾದರೂ ಆಗಲಿ ಎನ್ನುವವರು ಮೊದಲ ತಪಾಸಣೆಯ ದಿನವೇ ಮಾಡಿಸಬೇಕು: ಮಾಸಿನ (ಪ್ಲಾಸೆಂಟಾ) ಚೂರು ತೆಗೆದು ಭ್ರೂಣದ ವಂಶವಾಹಿ ನೋಡುವ ಪರೀಕ್ಷೆ ನಡೆಯುವುದು 11ರಿಂದ 13ನೇ ವಾರದ ಸುಮಾರಿಗೆ, ಅಷ್ಟರೊಳಗೆ ತಂದೆ ತಾಯಿಯರ ದೋಷ ಯಾವುದೆಂದು ಗುರುತಾಗಿರಬೇಕು.

ಕಾಗದ, ಮತ್ತು ಕಿಸೆಯ ಚೀಟಿ

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಹಿಮೋಫಿಲಿಯಾ, ಥಲಸೀಮಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಪ್ರಮಾಣಪತ್ರ ಮಾಡಿಸಿದರೆ ಮಗನಿಗೆ ಅಂಗವಿಕಲನೆಂಬ ಹಣೆಪಟ್ಟಿ ಬೀಳುತ್ತದೆಂದು ಹಿಂಜರಿಯುವವರಿದ್ದಾರೆ. ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೂ ಬೆಳಗಿನ ಎಂಟರ ಗಾಡಿಯಲ್ಲಿ ಊದಿದ ಮೊಣಕಾಲಿನ ಹುಡುಗನನ್ನು ನಿಲ್ಲಿಸಿಕೊಂಡು ಕಲ್ಯಾಣದಿಂದ ಬರುವ ತಂದೆಗೆ ಹಣೆಪಟ್ಟಿಗಿಂತ ಹಕ್ಕಿನ ಕಾಗದವೇ ಮುಖ್ಯವಾಗಬೇಕು.

ದೊಡ್ಡ ಕೇಂದ್ರವನ್ನು ರೋಗನಿರ್ಣಯಕ್ಕೂ ವರ್ಷಕ್ಕೊಮ್ಮೆಯ ತಪಾಸಣೆಗೂ, ಮನೆಯ ಹತ್ತಿರದ ಆಸ್ಪತ್ರೆಯನ್ನು ಅಂಶ ಅಥವಾ ರಕ್ತ ಹಾಕಿಸುವುದಕ್ಕೂ ಇಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ. ಕೀಲಿಗೆ ರಕ್ತ ಇಳಿದ ಮಗುವನ್ನು ಎರಡು ಗಂಟೆ ಪ್ರಯಾಣ ಮಾಡಿಸುವುದಕ್ಕಿಂತ ಹತ್ತಿರದಲ್ಲಿ ಮೊದಲ ಡೋಸ್ ಕೊಡಿಸುವುದು ಮೇಲು. ಹತ್ತಿರದ ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರಿಗೆ ಈ ಕಾಯಿಲೆ ಹೊಸದಾಗಿರಬಹುದು. ಅದಕ್ಕಾಗಿ ಮಗುವಿನ ಶಾಲೆಯ ಚೀಲದಲ್ಲೂ ಮನೆಯವರ ಕಿಸೆಯಲ್ಲೂ ಕನ್ನಡದಲ್ಲಲ್ಲ, ಮರಾಠಿ ಮತ್ತು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದಿರಲಿ: ಕಾಯಿಲೆಯ ಹೆಸರು ಮತ್ತು ಬಗೆ, ಅಂಶದ ಮಟ್ಟ, ರಕ್ತದ ಗುಂಪು, ತೂಕ, ಬೇಕಾಗುವ ಔಷಧ; ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಸ್ನಾಯುವಿಗೆ ಚುಚ್ಚುಮದ್ದು ಬೇಡ, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ತಲೆಗೆ ಪೆಟ್ಟು ಬಿದ್ದಿದ್ದರೆ ಸ್ಕ್ಯಾನಿಗೆ ಕಾಯದೆ ಮೊದಲು ಅಂಶ ಕೊಡಿ.